ಗಡಿಯಾರದಲ್ಲಿ 12 ಹೊಡೆದ್ರೂ ಬಳ್ಳಾರಿಯಲ್ಲಿ ಸೂರ್ಯ ನೆತ್ತಿಗೆ ಬರಲ್ಲ, ಯಾಕೆ?

ಫೆಬ್ರವರಿ ಎರಡನೇ ವಾರದಲ್ಲಿ ನಮ್ಮ ಅಕ್ಕನ ಮಗಳ ಮದುವೆ ಬಳ್ಳಾರಿಯಲ್ಲೇ ಇತ್ತು. ಬೀಗರು ಮೂಲ ಕೊಪ್ಪಳ ಕಡೆಯವರು, ಆದ್ರೆ ಮೂವತ್ತು ವರ್ಷದಿಂದ ಮುಂಬೈಯಲ್ಲೇ ಇದಾರೆ. ಲಗ್ನಪತ್ರಿಕೆಯಲ್ಲಿ ಮಧ್ಯಾಹ್ನ 12:21ಕ್ಕೆ ಅಭಿಜಿನ್ ಮುಹೂರ್ತ (ನಡುಹಗಲಿನ ಆಸುಪಾಸಿನ ಶುಭ ಹೊತ್ತು) ಅಂತ ಅಚ್ಚಾಗಿತ್ತು. ಮದುವೆ ಇನ್ನು ನಾಲ್ಕು ದಿನ ಇದೆ ಅನ್ನೋವಾಗ ಹುಡುಗನ ಕಾಕಾ ಫೋನ್ ಮಾಡಿ, "ಅಲ್ರೀ, ನಮ್ಮ ಮೊಬೈಲ್ ಪಂಚಾಂಗದಾಗ ಅಭಿಜಿನ್ ಶುರು ಆಗೋದ 12:30ಕ್ಕ ಅಂತ ತೋರಿಸಾಕತ್ತೈತಿ, ನೀವು ಅದಕ್ಕೂ ಮೊದಲ ಅಕ್ಕಿಕಾಳು ಹಾಕಿಸ್ತೀರೇನು" ಅಂದ್ರು. ಮನೆಯಲ್ಲಿ ಎಲ್ಲರಿಗೂ ಗಾಬರಿ, ಕಾರ್ಡ್ ಹಂಚಿ ಮುಗಿದಿತ್ತು. ಲಗ್ನ ತೆಗೆದುಕೊಟ್ಟ ಅಯ್ನೋರಿಗೆ ಫೋನ್ ಹಚ್ಚಿದ್ರೆ ಅವರು ಒಂದೇ ಮಾತು ಹೇಳಿದ್ರು: "ಅವರದು ಮುಂಬೈ ಲೆಕ್ಕ ರೀ. ಸೂರ್ಯ ಅಲ್ಲಿಗಿಂತ ಮೊದಲ ಇಲ್ಲಿ ನೆತ್ತಿಗೆ ಬರ್ತಾನ."

ಆ ಒಂದು ಮಾತನ್ನ ಬಿಡಿಸಿ ಹೇಳ್ಬೇಕಂದ್ರೆ ಟೈಮ್ ಅನ್ನೋದನ್ನ ಮನುಷ್ಯರು ಹೆಂಗೆ ಅಳೀತಾ ಬಂದ್ರು ಅನ್ನೋದನ್ನೆಲ್ಲಾ ಹೇಳ್ಬೇಕಾಗ್ತದೆ. ಈ ಸೀಸನ್ನಲ್ಲಿ ಇಂಥ ಫೋನು ಇನ್ನೂ ಎಷ್ಟೋ ಮನೆಗೆ ಬರ್ತದೆ, ಅದಕ್ಕೇ ಬುಡದಿಂದ ಬರೀತಿದೀನಿ.

ಹೊತ್ತು ಅಂದ್ರೆ ಸೂರ್ಯ

ನಮ್ಮ ಮಾತಲ್ಲಿ ಹೊತ್ತು ಅಂದ್ರೆ ಸಮಯಾನೂ ಹೌದು, ಸೂರ್ಯನೂ ಹೌದು. ಹೊತ್ತು ಮೂಡಿತು, ಹೊತ್ತು ಮುಳುಗಿತು ಅಂತೀವಿ, ಉಣ್ಣೋಕೆ ಹೊತ್ತಾಯ್ತು ಅಂತಾನೂ ಅಂತೀವಿ. ಹೊಲಕ್ಕೆ ಹೋಗೋ ಹಿರಿಯರು ಈಗಲೂ "ಹೊತ್ತು ಮಾರುದ್ದ ಏರಿತ್ತು" ಅಂದೇ ಹೇಳ್ತಾರೆ, ಎಂಟು ಗಂಟೆ ಆಗಿತ್ತು ಅನ್ನಲ್ಲ. ಗಡಿಯಾರ ಬರೋಕೆ ಮುಂಚೆ ಎಲ್ಲಾ ದೇಶದಲ್ಲೂ ಇದೇ ಕಥೆ, ಟೈಮ್ ಅಂದ್ರೆ ಸೂರ್ಯ ಎಲ್ಲಿದಾನೆ ಅಂತ ನೋಡೋದು. ಸೂರ್ಯನನ್ನ ನೆಟ್ಟಗೆ ನೋಡೋಕಾಗಲ್ಲ, ಅದಕ್ಕೆ ನೆರಳು ನೋಡಿದ್ರು. ಈಜಿಪ್ಟಿನಲ್ಲಿ ಸುಮಾರು 3,500 ವರ್ಷ ಹಿಂದೇನೇ ನೆರಳು ಗಡಿಯಾರ ಇದ್ವು. ನಮ್ಮ ಜ್ಯೋತಿಷ್ಯ ಗ್ರಂಥಗಳಲ್ಲಿ ಇದಕ್ಕೆ ಶಂಕು ಅಂತಾರೆ, ನೆಟ್ಟಗೆ ನಿಲ್ಲಿಸಿದ 12 ಅಂಗುಲದ ಕಡ್ಡಿ, ಅಷ್ಟೇ.

ಅಯ್ನೋರ ಮಾತು ಕೇಳಿದ ಮೇಲೆ ನಾನೂ ನನ್ನ ತಂಗಿ ಮಗನೂ ಸೇರಿ ಹಂದರ ಹಾಕೋ ಜಾಗದ ಪಕ್ಕ ಒಂದು ಹಾರೆ ನೆಟ್ವಿ, ನೆಲದಿಂದ ಮೇಲೆ ಸರಿಯಾಗಿ 4 ಅಡಿ ಉಳಿಯೋ ಹಂಗೆ. ಅದರ ಬುಡಕ್ಕೆ 3 ಅಡಿ ಹಗ್ಗ ಕಟ್ಟಿ ರಂಗೋಲಿ ಪುಡಿಯಲ್ಲಿ ಸುತ್ತ ಒಂದು ವರ್ತುಲ ಹಾಕಿದ್ವಿ. ಬೆಳಗ್ಗೆ ನೆರಳು ಉದ್ದ ಇರ್ತದೆ, ಹೊತ್ತು ಏರಿದಂಗೆ ಗಿಡ್ಡ ಆಗ್ತಾ ಬರ್ತದೆ. ನೆರಳಿನ ತುದಿ ವರ್ತುಲಕ್ಕೆ ತಾಗಿದಾಗ ಅಲ್ಲೊಂದು ಹರಳು ಇಟ್ವಿ, ಮೊಬೈಲಲ್ಲಿ 11:05. ಆಮೇಲೆ ನೆರಳು ವರ್ತುಲದ ಒಳಗೇ ಇತ್ತು, ಮತ್ತೆ ಉದ್ದ ಆಗ್ತಾ ಹೋಗಿ ಆ ಕಡೆ ತುದಿ ತಾಗಿದಾಗ ಇನ್ನೊಂದು ಹರಳು, ಆಗ 2:08. ಎರಡೂ ಹೊತ್ತಲ್ಲಿ ನೆರಳಿನ ಉದ್ದ ಒಂದೇ, ಅಂದ್ರೆ ಸೂರ್ಯನ ಎತ್ತರಾನೂ ಒಂದೇ, ಒಂದ್ಸಲ ಏರೋವಾಗ ಒಂದ್ಸಲ ಇಳಿಯೋವಾಗ. ಹಂಗಾದ್ರೆ ಸೂರ್ಯ ತುದಿ ಮುಟ್ಟಿದ್ದು ಆ ಎರಡು ಟೈಮಿನ ನಟ್ಟನಡುವೆ. ಲೆಕ್ಕ ಹಾಕಿ ನೋಡ್ರಿ, 12:36 ಮೇಲೆ ಅರ್ಧ ನಿಮಿಷ ಬರ್ತದೆ. ಎರಡು ಹರಳಿನ ನಡುಮಧ್ಯದಿಂದ ಹಾರೆಗೆ ಗೆರೆ ಎಳೆದ್ರೆ ಅದೇ ಪಕ್ಕಾ ಉತ್ತರ ದಕ್ಷಿಣ, ದಿಕ್ಸೂಚಿ ಏನೂ ಬೇಕಾಗಿಲ್ಲ. ಗುಡಿ ಕಟ್ಟೋರು ದಿಕ್ಕು ಹಿಡಿಯೋಕೆ ಹಿಂದೆ ಇದೇ ಉಪಾಯ ಮಾಡ್ತಿದ್ರು.

ಹಂಗಾಗಿ ಆ ದಿನ ಬಳ್ಳಾರಿಯ ನಿಜವಾದ ನಡುಹಗಲು 12 ಗಂಟೆಗಲ್ಲ, 12:36ಕ್ಕೆ. ಮಧ್ಯಾಹ್ನ ಅನ್ನೋ ಪದದ ಅರ್ಥಾನೇ ಹಗಲಿನ ನಡು ಅಂತ, ಗಡಿಯಾರದ 12 ಅಂತ ಅಲ್ಲ.

ಇನ್ನೊಂದು ವಿಷಯ, ಬಳ್ಳಾರಿಯಲ್ಲಿ ಮೇ 1-2ರ ಸುಮಾರಿಗೆ, ಮತ್ತೆ ಆಗಸ್ಟ್ 11-12ರ ಸುಮಾರಿಗೆ ನಡುಹಗಲಲ್ಲಿ ಹಾರೆಗೆ ನೆರಳೇ ಬೀಳಲ್ಲ, ಬುಡದಲ್ಲೇ ಮುಚ್ಚಿಕೊಳ್ತದೆ. ಮೋಡ ಇಲ್ದಿದ್ರೆ ಮಕ್ಕಳಿಗೆ ತೋರಿಸ್ರಿ. ರಾಯಚೂರು ಸ್ವಲ್ಪ ಉತ್ತರಕ್ಕೆ ಇರೋದ್ರಿಂದ ಅಲ್ಲಿ ಮೇನಲ್ಲಿ ಮೂರ್ನಾಲ್ಕು ದಿನ ತಡ, ಆಗಸ್ಟಲ್ಲಿ ಅಷ್ಟೇ ದಿನ ಮೊದಲು.

ಗಳಿಗೆ, ತಾಸು, ಗಂಟೆ

ನೆರಳಿಗೆ ಒಂದು ತೊಂದರೆ ಇದೆ, ರಾತ್ರಿ ಇರಲ್ಲ, ಮೋಡ ಕವಿದ್ರೂ ಇರಲ್ಲ. ಅದಕ್ಕೆ ಸೂರ್ಯ ಇಲ್ದಿದ್ರೂ ಒಂದೇ ಸಮ ನಡೆಯೋ ಏನಾದ್ರೂ ಬೇಕಾಯ್ತು. ಸಿಕ್ಕಿದ್ದು ನೀರು.

ತೆಳುವಾದ ತಾಮ್ರದ ಬಟ್ಟಲು, ಅದರ ತಳದಲ್ಲಿ ಸೂಜಿ ಮೊನೆಯಷ್ಟು ತೂತು. ಅದನ್ನ ನೀರು ತುಂಬಿದ ಹಂಡೆಯಲ್ಲಿ ತೇಲಿಬಿಟ್ರೆ ತೂತಿನಿಂದ ನೀರು ಮೆಲ್ಲಗೆ ಒಳಗೆ ಬಂದು ಕೊನೆಗೆ ಬಟ್ಟಲು ಮುಳುಗ್ತದೆ. ಮುಳುಗಿದ ಕೂಡ್ಲೇ ಕಾಯೋಕೆ ಕೂತವನು ಜಾಗಟೆ ಬಾರಿಸಿ, ಬಟ್ಟಲು ಎತ್ತಿ ಖಾಲಿ ಮಾಡಿ ಮತ್ತೆ ತೇಲಿಬಿಡ್ಬೇಕು. ಒಂದು ಹಗಲು ಒಂದು ರಾತ್ರಿಯಲ್ಲಿ ಸರಿಯಾಗಿ 60 ಸಲ ಮುಳುಗೋ ಹಂಗೆ ತೂತು ಇರ್ಬೇಕು ಅಂತ ಸೂರ್ಯಸಿದ್ಧಾಂತ ಅನ್ನೋ ಹಳೇ ಜ್ಯೋತಿಷ್ಯ ಗ್ರಂಥದಲ್ಲೇ ಹೇಳಿದೆ. ಇದೇ ಗಳಿಗೆ ಬಟ್ಟಲು. ಒಂದು ಸಲ ಮುಳುಗಿದ್ರೆ ಒಂದು ಗಳಿಗೆ. 24 ಗಂಟೆಯನ್ನ 60ರಿಂದ ಭಾಗಿಸಿದ್ರೆ 24 ನಿಮಿಷ, ಅದೇ ಗಳಿಗೆಯ ಉದ್ದ. ಎರಡು ಗಳಿಗೆ ಸೇರಿದ್ರೆ ಒಂದು ಮುಹೂರ್ತ, 48 ನಿಮಿಷ. ಹಗಲಲ್ಲಿ ನಾಲ್ಕು, ರಾತ್ರಿಯಲ್ಲಿ ನಾಲ್ಕು ಭಾಗ ಮಾಡಿದ್ರೆ ಒಂದೊಂದೂ ಒಂದು ಜಾವ, ಸುಮಾರು 3 ತಾಸು. ಬೆಳಗಿನ ಜಾವ ಅಂತ ದಿನಾ ಅನ್ನೋದು ಇದನ್ನೇ.

ಭಾಸ್ಕರಾಚಾರ್ಯರ ಮಗಳು ಲೀಲಾವತಿ ಕಥೆ ಕೇಳಿರ್ಬೋದು. ಲಗ್ನದ ಹೊತ್ತು ನೋಡೋಕೆ ಇಟ್ಟಿದ್ದ ಬಟ್ಟಲಿಗೆ ಅವಳು ಬಗ್ಗಿದಾಗ ಮುತ್ತು ಬಿದ್ದು ತೂತು ಮುಚ್ಚಿ ಮುಹೂರ್ತ ಮೀರಿ ಹೋಯ್ತಂತೆ. ಕಥೆ ಕಥೆಯಾಗೇ ಇರ್ಲಿ, ಆದ್ರೆ ಆ ಯಂತ್ರದ ದೌರ್ಬಲ್ಯ ಅದರಲ್ಲಿ ಸರಿಯಾಗಿದೆ, ತೂತಿಗೆ ಒಂದು ಕಸ ಸಿಕ್ಕಿಕೊಂಡ್ರೆ ಊರಿನ ಟೈಮೇ ನಿಂತ್ಹೋಗ್ತದೆ.

ನನಗೆ ತುಂಬಾ ಖುಷಿ ಕೊಡೋದು ನಮ್ಮ ಕಡೆಯ ತಾಸು ಅನ್ನೋ ಪದ. ಬೆಂಗಳೂರು ಮೈಸೂರು ಕಡೆಯವರು ಒಂದು ಗಂಟೆ ಅಂದ್ರೆ ನಾವು ಒಂದು ತಾಸು ಅಂತೀವಿ. ಪಾರಸಿಯಲ್ಲಿ ತಾಸ್ ಅಂದ್ರೆ ಬಟ್ಟಲು. ಗಳಿಗೆ ಅನ್ನೋದು ಬಂದಿದ್ದು ಘಟಿಕಾ ಅನ್ನೋದರಿಂದ, ಅಂದ್ರೆ ಸಣ್ಣ ಗಡಿಗೆ. ಗಡಿಯಾರ ಅನ್ನೋ ಪದದ ಬೇರೂ ಅಲ್ಲೇ. ಇನ್ನ ಗಂಟೆ ಅಂದ್ರೆ ಬಾರಿಸೋ ಗಂಟೆ. ನೀರಲ್ಲಿ ಮುಳುಗೋ ಪಾತ್ರೆ, ಮುಳುಗಿದ ಮೇಲೆ ಬಾರಿಸೋ ಲೋಹ, ಎರಡೂ ನಮ್ಮ ಬಾಯಲ್ಲಿ ಇನ್ನೂ ಉಳಿದಿದಾವೆ. "ಎರಡು ತಾಸು ಕಾದೆ" ಅಂತ ಯಾರಾದ್ರೂ ಅಂದಾಗೆಲ್ಲಾ ಆ ಹಂಡೆ ಪಕ್ಕ ನಿದ್ದೆಗೆಟ್ಟು ಕೂತವನೇ ಕಣ್ಣಮುಂದೆ ಬರ್ತಾನೆ.

ದಿನಕ್ಕೆ 60 ಗಳಿಗೆ, ಗಂಟೆಗೆ 60 ನಿಮಿಷ, ನಿಮಿಷಕ್ಕೆ 60 ಸೆಕೆಂಡ್. ಎಲ್ಲಾ ಕಡೆ 60 ಯಾಕೆ ಅಂದ್ರೆ ಪಾಲು ಮಾಡೋಕೆ ಅಷ್ಟು ಸಲೀಸು. 60 ರೊಟ್ಟಿ ಇದ್ರೆ 2, 3, 4, 5, 6, 10, 12, 15 ಜನಕ್ಕೆ ಮುರೀದೇ ಹಂಚ್ಬೋದು, 100 ರೊಟ್ಟಿಯನ್ನ ಮೂರು ಜನಕ್ಕೇ ಹಂಚೋಕಾಗಲ್ಲ. ಬ್ಯಾಬಿಲೋನ್ ಕಡೆಯವರು ಲೆಕ್ಕವನ್ನೇ 60ರಲ್ಲಿ ಮಾಡ್ತಿದ್ರು, ನಿಮಿಷ ಸೆಕೆಂಡು ಅವರ ಲೆಕ್ಕದಿಂದ ಬಂದಿದ್ದು. 24 ಗಂಟೆ ಈಜಿಪ್ಟಿನವರದ್ದು, ಹಗಲಿಗೆ 12, ರಾತ್ರಿಗೆ 12.

ಪಂಚಮಿ ಜೋಕಾಲಿ ಗಡಿಯಾರದೊಳಗೆ ಹೋಗಿದ್ದು

ಯುರೋಪಿನಲ್ಲಿ 1300ರ ಆಸುಪಾಸಿಗೆ ಭಾರ ಕಟ್ಟಿ ಹಲ್ಲಿನ ಚಕ್ರ ತಿರುಗಿಸೋ ಗಡಿಯಾರ ಬಂದ್ವು. ಭಾರ ಕೆಳಗೆ ಜಗ್ತದೆ, ಚಕ್ರ ತಿರುಗ್ತದೆ. ಆದ್ರೆ ಹಂಗೇ ಬಿಟ್ರೆ ಭಾರ ದಡಕ್ಕನೆ ಕೆಳಗೆ ಬಿದ್ದುಬಿಡ್ತದೆ. ಕಾಲುವೆ ಗೇಟನ್ನ ಒಂದೇ ಸಲಕ್ಕೆ ಎತ್ತದೇ ಚೂರು ಚೂರೇ ನೀರು ಬಿಡೋ ಹಂಗೆ, ಚಕ್ರದ ಒಂದು ಹಲ್ಲು ಬಿಟ್ಟು ಹಿಡಿದು, ಬಿಟ್ಟು ಹಿಡಿದು ಮಾಡೋ ಒಂದು ಕೊಂಡಿ ಇಟ್ರು. ಟಿಕ್ ಟಿಕ್ ಅನ್ನೋ ಸದ್ದು ಆ ಕೊಂಡಿದು. ಕೊಂಡಿ ಎಷ್ಟು ಸಮವಾಗಿ ಬಡೀತದೋ ಗಡಿಯಾರ ಅಷ್ಟು ಸರಿ. ಮೊದಮೊದಲು ದಿನಕ್ಕೆ ಕಾಲು ಗಂಟೆ ಆಚೀಚೆ ಆಗ್ತಿತ್ತು.

ಅದನ್ನ ಸರಿ ಮಾಡಿದ್ದು ಲೋಲಕ. ನಾಗರಪಂಚಮಿಗೆ ಜೋಕಾಲಿ ಕಟ್ಟಿದಾಗ ಗಮನಿಸಿರ್ತೀರಿ, ಹುಣಸೆ ಮರದ ಎತ್ತರದ ಕೊಂಬೆಗೆ ಕಟ್ಟಿದ ಜೋಕಾಲಿ ನಿಧಾನ, ಮನೆ ಜಂತಿಗೆ ಕಟ್ಟಿದ್ದು ಚುರುಕು. ಕೂತೋರು ದಪ್ಪ ಇರ್ಲಿ ಸಣ್ಣ ಇರ್ಲಿ ವ್ಯತ್ಯಾಸ ಆಗಲ್ಲ, ಹಗ್ಗದ ಉದ್ದವೇ ಎಲ್ಲಾ ತೀರ್ಮಾನ ಮಾಡ್ತದೆ. ಇಟಲಿಯ ಗೆಲಿಲಿಯೋ ಇದನ್ನ ಗಮನಿಸಿದ, ನೆದರ್ಲ್ಯಾಂಡ್ಸಿನ ಹೈಗನ್ಸ್ 1656ರಲ್ಲಿ ಗಡಿಯಾರಕ್ಕೆ ಜೋಡಿಸಿದ. ತಪ್ಪು ದಿನಕ್ಕೆ ಕಾಲು ಗಂಟೆಯಿಂದ ಕಾಲು ನಿಮಿಷಕ್ಕೆ ಇಳೀತು. ನೀವೇ ಮಾಡಿ ನೋಡ್ರಿ, ಹೆಚ್ಚುಕಮ್ಮಿ ಒಂದು ಮೀಟರ್ ದಾರಕ್ಕೆ ಬೀಗ ಕಟ್ಟಿ ತೂಗಿಬಿಟ್ರೆ ಈ ಕಡೆಯಿಂದ ಆ ಕಡೆಗೆ ಹೋಗೋಕೆ ಸರಿಯಾಗಿ ಒಂದು ಸೆಕೆಂಡ್.

ಆದ್ರೆ ನಮ್ಮ ಬಳ್ಳಾರಿ ಬಿಸಿಲಲ್ಲಿ ಕಬ್ಬಿಣವೂ ಹಿಗ್ಗುತ್ತೆ. ಉಕ್ಕಿನ ಸಲಾಕೆಯ ಲೋಲಕ ಇರೋ ಗೋಡೆ ಗಡಿಯಾರಕ್ಕೆ 20 ಡಿಗ್ರಿ ಬಿಸಿ ಏರಿದ್ರೆ ಸಲಾಕೆ ಕೂದಲೆಳೆಯಷ್ಟು ಉದ್ದ ಆಗಿ ಜೋಕಾಲಿ ನಿಧಾನ ಆಗ್ತದೆ, ದಿನಕ್ಕೆ ಸುಮಾರು 10 ಸೆಕೆಂಡ್ ಹಿಂದೆ ಬೀಳ್ತದೆ. ಹಳೇ ಮನೆಗಳಲ್ಲಿ ಬೇಸಿಗೆಗೆ ಲೋಲಕದ ಕೆಳಗಿನ ತಿರುಪು ಮೇಲೆ ತಿರುವ್ತಿದ್ದದ್ದು ಇದಕ್ಕೇ. ಕೈಗಡಿಯಾರಕ್ಕೆ ಲೋಲಕ ಆಗಲ್ಲ, ಅಲ್ಲಿ ಸುರುಳಿ ಸ್ಪ್ರಿಂಗು ಸಣ್ಣ ಚಕ್ರವನ್ನ ಆ ಕಡೆ ಈ ಕಡೆ ಆಡಿಸ್ತದೆ. ಅಪ್ಪಂದಿರ ಕೈಯಲ್ಲಿದ್ದ ಕೀ ಕೊಡೋ ಎಚ್‌ಎಂಟಿ ಕಿವಿಗೆ ಇಟ್ಟುಕೊಂಡ್ರೆ ಕೇಳ್ತಿದ್ದ ಸದ್ದು ಆ ಚಕ್ರದ್ದು.

ಊರಿಗೊಂದು ನಡುಹಗಲು

ಈಗ ಬೀಗರ ಪ್ರಶ್ನೆಗೆ ಬರೋಣ. ಭೂಮಿ 24 ತಾಸಿಗೆ ಒಂದು ಸುತ್ತು, ಅಂದ್ರೆ 360 ಡಿಗ್ರಿ ತಿರುಗ್ತದೆ. ಭಾಗಿಸಿದ್ರೆ ಒಂದು ಡಿಗ್ರಿಗೆ 4 ನಿಮಿಷ. ಇದೊಂದು ನೆನಪಿದ್ರೆ ಸಾಕು, ಉಳಿದದ್ದೆಲ್ಲಾ ಕೂಡಿಸಿ ಕಳೆಯೋ ಲೆಕ್ಕ. ಮ್ಯಾಪಿನಲ್ಲಿ ಉದ್ದಕ್ಕೆ ಎಳೆದ ಗೆರೆಗಳಿಗೆ ರೇಖಾಂಶ ಅಂತಾರಲ್ಲ, ಅದರ ಪ್ರಕಾರ ಮುಂಬೈ ಸುಮಾರು 72.9 ಡಿಗ್ರಿ, ಬಳ್ಳಾರಿ 76.9. ನಾವು 4 ಡಿಗ್ರಿ ಪೂರ್ವಕ್ಕೆ ಇದೀವಿ, ಹಂಗಾಗಿ ಸೂರ್ಯ ಮುಂಬೈಗಿಂತ 16 ನಿಮಿಷ ಮೊದಲು ನಮ್ಮ ನೆತ್ತಿಗೆ ಬರ್ತಾನೆ. ದೆಹಲಿ ಇಷ್ಟು ದೂರ ಇದ್ರೂ ಹೆಚ್ಚುಕಮ್ಮಿ ನಮ್ಮ ನೇರ ಉತ್ತರಕ್ಕಿದೆ, ಅಲ್ಲಿಗೂ ಬಳ್ಳಾರಿಗೂ ನಡುಹಗಲು ಹೆಚ್ಚಂದ್ರೆ ಒಂದು ನಿಮಿಷ ಆಚೀಚೆ.

ಇದೇ ಲೆಕ್ಕವನ್ನ ತಿರುಗಿಸಿ ಹಡಗಿನವರು ಬಳಸಿದ್ರು. ಸಮುದ್ರದ ಮಧ್ಯೆ ನಡುಹಗಲು ಆದಾಗ ತಮ್ಮ ಊರಿನ ಟೈಮ್ ಎಷ್ಟು ಅಂತ ಗೊತ್ತಾದ್ರೆ ಎಷ್ಟು ದೂರ ಬಂದಿದೀವಿ ಅನ್ನೋದು ಗೊತ್ತಾಗ್ತದೆ. ಆದ್ರೆ ಅಲೆಯಲ್ಲಿ ಹೊಯ್ದಾಡೋ ಹಡಗಲ್ಲಿ ಲೋಲಕ ನಡೆಯಲ್ಲ. ಬ್ರಿಟನ್ ಸರ್ಕಾರ 1714ರಲ್ಲಿ ಇದಕ್ಕೆ 20,000 ಪೌಂಡ್ ಬಹುಮಾನ ಇಟ್ಟಿತು, ಜಾನ್ ಹ್ಯಾರಿಸನ್ ಅನ್ನೋ ಬಡಗಿ ಜೀವಮಾನವನ್ನೇ ಅದಕ್ಕೆ ಸವೆಸಿ ಕೊನೆಗೆ ಮಾಡಿದ ಗಡಿಯಾರ 1761-62ರಲ್ಲಿ ಜಮೈಕಾ ತನಕ ಹೋದಾಗ ಬರೀ 5 ಸೆಕೆಂಡ್ ತಪ್ಪಿತ್ತು.

ರಾಯಚೂರಲ್ಲಿ ಕೂಡಿದ ಹಳಿ

ಎತ್ತಿನ ಗಾಡಿ ಇದ್ದಾಗ ಊರಿಗೊಂದು ಟೈಮ್ ಇದ್ರೆ ಯಾರಿಗೂ ತ್ರಾಸಿರಲಿಲ್ಲ. ತ್ರಾಸು ಶುರು ಆಗಿದ್ದು ರೈಲಿನಿಂದ. ಮುಂಬೈ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ (ಜಿಐಪಿ) ರೈಲ್ವೆ, ಮದ್ರಾಸ್ ಕಡೆಯಿಂದ ಮದ್ರಾಸ್ ರೈಲ್ವೆ, ಎರಡೂ ಹಳಿ ಹಾಕ್ಕೊಂಡು ಬಂದು 1871ರಲ್ಲಿ ಕೂಡಿದ್ದು ನಮ್ಮ ರಾಯಚೂರಲ್ಲಿ. ಮುಂಬೈ ಸೂರ್ಯನಿಗೂ ಮದ್ರಾಸ್ ಸೂರ್ಯನಿಗೂ ಅರ್ಧ ಗಂಟೆ ವ್ಯತ್ಯಾಸ. ಒಂದೇ ಹಳಿ ಮೇಲೆ ಎದುರುಬದುರು ಗಾಡಿ ಓಡಿಸೋವಾಗ ಎರಡು ಟೈಮ್ ಇಟ್ಟುಕೊಂಡ್ರೆ ಏನಾಗ್ತದೆ ಅಂತ ಬೇರೆ ಹೇಳ್ಬೇಕಿಲ್ಲ. ದೇಶದ ರೈಲುಗಳು ಕೊನೆಗೆ ಮದ್ರಾಸ್ ಟೈಮನ್ನ ಹಿಡಿದ್ವು. ಮುಂಬೈ ಕಲ್ಕತ್ತಾ ಎರಡರ ನಡುವೆ ಬರ್ತದೆ, ಮೇಲಾಗಿ ಅಲ್ಲಿ ವೀಕ್ಷಣಾಲಯ ಇತ್ತು, ಅಲ್ಲಿಂದ ತಂತಿಯಲ್ಲಿ ಟೈಮ್ ಕಳಿಸ್ತಿದ್ರು. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು. ಮದ್ರಾಸ್ ಟೈಮಿಗೂ ಬಳ್ಳಾರಿ ಸೂರ್ಯನಿಗೂ 13 ನಿಮಿಷ ವ್ಯತ್ಯಾಸ ಅಷ್ಟೇ.

1884ರಲ್ಲಿ ವಾಷಿಂಗ್ಟನ್ನಲ್ಲಿ ಸಭೆ ಸೇರಿ ಲಂಡನ್ ಹತ್ತಿರದ ಗ್ರೀನಿಚ್ಚನ್ನ ಸೊನ್ನೆ ಡಿಗ್ರಿ ಅಂತ ಒಪ್ಪಿಕೊಂಡ್ರು. ಭಾರತಕ್ಕೆ 82.5 ಡಿಗ್ರಿ ಗೆರೆ ಹಿಡಿದು 1906ರ ಜನವರಿ 1ರಿಂದ ಭಾರತೀಯ ಪ್ರಮಾಣ ಸಮಯ ಬಂತು. 82.5ನ್ನ 4ರಿಂದ ಗುಣಿಸಿದ್ರೆ 330 ನಿಮಿಷ, ಅಂದ್ರೆ ಐದೂವರೆ ಗಂಟೆ. ಗ್ರೀನಿಚ್ಚಿಗಿಂತ ನಾವು ಐದೂವರೆ ಗಂಟೆ ಮುಂದೆ ಅನ್ನೋದು ಇದೇ. ಎಲ್ಲರೂ ತಕ್ಷಣ ಒಪ್ಪಲಿಲ್ಲ, ಕಲ್ಕತ್ತಾ 1948ರ ತನಕ, ಮುಂಬೈ 1955ರ ತನಕ ತಮ್ಮ ತಮ್ಮ ಟೈಮ್ ಬಿಡಲಿಲ್ಲ.

ಆ ಗೆರೆ ಉತ್ತರ ಪ್ರದೇಶದ ಮಿರ್ಜಾಪುರ, ಆಂಧ್ರದ ಕಾಕಿನಾಡ ಹತ್ತಿರದಿಂದ ಹಾಯ್ದು ಹೋಗ್ತದೆ. ನಾವು ಅದಕ್ಕಿಂತ ಪಶ್ಚಿಮಕ್ಕೆ ಇದೀವಿ, ಹಂಗಾಗಿ ನಮ್ಮ ಸೂರ್ಯ ಗಡಿಯಾರಕ್ಕಿಂತ ಯಾವಾಗಲೂ ಹಿಂದೆ. ರಾಯಚೂರಿಗೆ ಸುಮಾರು 21 ನಿಮಿಷ, ಬಳ್ಳಾರಿಗೆ 22, ಕೊಪ್ಪಳಕ್ಕೆ 25. ನಮ್ಮ ಕೈಯಲ್ಲಿರೋ ಗಡಿಯಾರ ಕಾಕಿನಾಡದ ಸೂರ್ಯನ್ನ ನೋಡಿ ನಡೀತದೆ ಅಂದುಕೊಳ್ರಿ.

22 ಸರಿ, 36 ಹೆಂಗೆ?

ಗಮನ ಇಟ್ಟು ಓದಿದೋರು ಇದನ್ನ ಕೇಳೇ ಕೇಳ್ತಾರೆ. ಬಳ್ಳಾರಿಗೆ 22 ನಿಮಿಷ ಅಂದ್ರೆ ನಡುಹಗಲು 12:22ಕ್ಕೆ ಆಗ್ಬೇಕಿತ್ತು, ಹಾರೆ ಮಾತ್ರ 12:36 ತೋರಿಸ್ತು. ಉಳಿದ 14 ನಿಮಿಷ ಸೂರ್ಯಂದೇ. ಒಂದು ನಡುಹಗಲಿನಿಂದ ಮರುದಿನದ ನಡುಹಗಲಿಗೆ ಸರಿಯಾಗಿ 24 ತಾಸು ಅಂತ ನಾವು ಅಂದುಕೊಂಡಿದೀವಿ, ಅದು ಸರಾಸರಿ ಮಾತ್ರ. ಭೂಮಿ ಸೂರ್ಯನ ಸುತ್ತ ಹೋಗೋ ದಾರಿ ಪೂರ್ತಿ ದುಂಡಗಿಲ್ಲ, ಹತ್ತಿರ ಬಂದಾಗ ಜೋರಾಗಿ ಹೋಗ್ತದೆ, ದೂರ ಇದ್ದಾಗ ನಿಧಾನ. ಅದರ ಜೊತೆಗೆ ಭೂಮಿ ಓರೆಯಾಗೂ ಇದೆ. ಇವೆರಡೂ ಸೇರಿ ಕೆಲವು ದಿನ 24 ತಾಸಿಗೆ ಅರ್ಧ ನಿಮಿಷದಷ್ಟು ಹೆಚ್ಚು, ಕೆಲವು ದಿನ ಸುಮಾರು 20 ಸೆಕೆಂಡ್ ಕಮ್ಮಿ. ದಿನಾ ಹತ್ತು ರೂಪಾಯಿ ಉದ್ರಿ ಬರೆಸಿದ್ರೆ ತಿಂಗಳ ಕೊನೆಗೆ ಅಂಗಡಿ ಲೆಕ್ಕ ದೊಡ್ಡದಾಗೋ ಹಂಗೆ ಈ ಸೆಕೆಂಡುಗಳು ಕೂಡ್ತಾ ಹೋಗ್ತಾವೆ. ಫೆಬ್ರವರಿ ಎರಡನೇ ವಾರದಲ್ಲಿ ಸೂರ್ಯ 14 ನಿಮಿಷ ಹಿಂದೆ, ನವೆಂಬರ್ ಮೊದಲ ವಾರದಲ್ಲಿ 16 ನಿಮಿಷ ಮುಂದೆ. ಹಂಗಾಗಿ ಬಳ್ಳಾರಿಯಲ್ಲಿ ನಡುಹಗಲು ನವೆಂಬರಲ್ಲಿ 12:06ಕ್ಕೆ, ಫೆಬ್ರವರಿಯಲ್ಲಿ 12:36ಕ್ಕೆ. ವರ್ಷದ ಒಂದೇ ಒಂದು ದಿನವೂ ಸರಿಯಾಗಿ 12ಕ್ಕೆ ಆಗಲ್ಲ.

ಸೂರ್ಯನನ್ನೂ ಬಿಟ್ಟ ಗಡಿಯಾರ

ಮುಂದಿನದ್ದು ಬೇಗ ಹೇಳ್ತೀನಿ. ಸೆಲ್ ಹಾಕೋ ಗಡಿಯಾರದಲ್ಲಿ ಕ್ವಾರ್ಟ್ಸ್ ಅನ್ನೋ ಬಿಳಿಕಲ್ಲಿನ ಚೂರು ಇರ್ತದೆ, ಕರೆಂಟ್ ಕೊಟ್ರೆ ಅದು ಸೆಕೆಂಡಿಗೆ 32,768 ಸಲ ನಡುಗ್ತದೆ. ಈ ಸಂಖ್ಯೆಯೇ ಯಾಕೆ ಅಂದ್ರೆ ಅರ್ಧ, ಅರ್ಧದ ಅರ್ಧ ಅಂತ 15 ಸಲ ಮಾಡಿದ್ರೆ ಸರಿಯಾಗಿ 1 ಉಳೀತದೆ, ಆ ಒಂದಕ್ಕೆ ಮುಳ್ಳು ಒಂದು ಹೆಜ್ಜೆ ಇಡ್ತದೆ. ಅದಕ್ಕಿಂತ ನಿಖರ ಬೇಕು ಅಂತ ಪರಮಾಣುವಿಗೆ ಹೋದ್ರು. ಕಲ್ಲಿನ ಚೂರು ಒಂದಿದ್ದಂಗೆ ಇನ್ನೊಂದಿರಲ್ಲ, ಸೀಸಿಯಂ ಪರಮಾಣು ಮಾತ್ರ ಬಳ್ಳಾರಿಯಲ್ಲಿದ್ರೂ ಅಮೆರಿಕದಲ್ಲಿದ್ರೂ ಒಂದೇ. 1967ರಿಂದ ಸೆಕೆಂಡ್ ಅಂದ್ರೆ ದಿನದ ಇಷ್ಟನೇ ಪಾಲು ಅಂತ ಅಲ್ಲ, ಸೀಸಿಯಂ ಪರಮಾಣುವಿನ ವಿಕಿರಣ 9,192,631,770 ಸಲ ಅಲೆಯಾಡೋಕೆ ಹಿಡಿಯೋ ಹೊತ್ತು. ಅಲ್ಲಿಗೆ ಹೊತ್ತಿಗೂ ಸೂರ್ಯನಿಗೂ ಇದ್ದ ಹಳೇ ಸಂಬಂಧ ಲೆಕ್ಕದಲ್ಲಿ ಹರಿದುಹೋಯ್ತು. ಭೂಮಿ ತಿರುಗೋದು ಚೂರು ಏರುಪೇರು ಆಗ್ತದೆ, ಪರಮಾಣು ಆಗಲ್ಲ, ಅದನ್ನ ಸರಿದೂಗಿಸೋಕೆ 1972ರಿಂದ ಈಚೆಗೆ 27 ಸಲ ಒಂದೊಂದು ಸೆಕೆಂಡ್ ಸೇರಿಸಿದಾರೆ, ಕೊನೇದು 2016ರ ಡಿಸೆಂಬರ್ 31ಕ್ಕೆ.

ಭಾರತದ ಟೈಮನ್ನ ಕಾಯೋದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ, ಅಲ್ಲಿ ಪರಮಾಣು ಗಡಿಯಾರಗಳಿವೆ. ನಿಮ್ಮ ಮೊಬೈಲು ಟವರಿನಿಂದ, ಇಂಟರ್ನೆಟ್ಟಿನಿಂದ ಟೈಮ್ ತಗೊಳ್ತದೆ. ಜಿಪಿಎಸ್ ಉಪಗ್ರಹದಲ್ಲೂ ಪರಮಾಣು ಗಡಿಯಾರವೇ ಇರೋದು, ಸಿಗ್ನಲ್ ಬರೋಕೆ ಎಷ್ಟು ಹೊತ್ತು ಹಿಡೀತು ಅನ್ನೋದರಿಂದಲೇ ದೂರ ಲೆಕ್ಕ ಹಾಕೋದು. ಹ್ಯಾರಿಸನ್ ಗಡಿಯಾರ ಹಡಗಿಗೆ ಮಾಡಿದ ಕೆಲಸವನ್ನೇ ಇವು ನಮ್ಮ ಗಾಡಿಗೆ ಮಾಡ್ತಾವೆ.

ಪಂಚಾಂಗಕ್ಕೆ ಮಾತ್ರ ಇನ್ನೂ ಊರಿನ ಸೂರ್ಯನೇ ಬೇಕು

ಅಭಿಜಿನ್ ಅಂದ್ರೆ ಹಗಲನ್ನ 15 ಮುಹೂರ್ತ ಮಾಡಿದಾಗ 8ನೇದು, ಅಂದ್ರೆ ನಟ್ಟನಡುವಿಂದು. ಹಂಗಾಗಿ ಅದರ ನಡುಮಧ್ಯ ಯಾವಾಗಲೂ ಆ ಊರಿನ ನಡುಹಗಲೇ. ಬಳ್ಳಾರಿಗೆ ಆ ವಾರ 12:36, ಹಗಲು ಸ್ವಲ್ಪ ಗಿಡ್ಡ ಇದ್ದದ್ದಕ್ಕೆ ಮುಹೂರ್ತ 48 ಅಲ್ಲ, 46 ನಿಮಿಷ, ಹಿಂದಕ್ಕೆ 23 ಮುಂದಕ್ಕೆ 23. ಅಲ್ಲಿಗೆ 12:13ರಿಂದ 12:59. ಮುಂಬೈಗೆ ಎಲ್ಲಾ 16-17 ನಿಮಿಷ ತಡ, ಅದಕ್ಕೇ ಕಾಕಾ ಅವರ ಫೋನಲ್ಲಿ 12:30.

ರಾಹುಕಾಲದ್ದೂ ಇದೇ ಥರ. ಕ್ಯಾಲೆಂಡರಲ್ಲಿ ಸೋಮವಾರ 7:30ರಿಂದ 9 ಅಂತ ಅಚ್ಚಾಗಿರ್ತದೆ, ಅದು ಸೂರ್ಯ ಬೆಳಗ್ಗೆ ಸರಿಯಾಗಿ 6ಕ್ಕೆ ಹುಟ್ಟಿ ಸಂಜೆ 6ಕ್ಕೆ ಮುಳುಗ್ತಾನೆ ಅಂತ ಇಟ್ಟುಕೊಂಡು ಹಗಲನ್ನ ಎಂಟು ಪಾಲು ಮಾಡಿದ ಲೆಕ್ಕ. ಫೆಬ್ರವರಿಯಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟೋದೇ 6:45ರ ಸುಮಾರಿಗೆ, ಹಂಗಾಗಿ ಅದೇ ಸೋಮವಾರದ ಎರಡನೇ ಪಾಲು ಶುರುವಾಗೋದು 8:13ರ ಆಸುಪಾಸಿಗೆ. ನಂಬೋದು ಬಿಡೋದು ಅವರವರಿಗೆ ಬಿಟ್ಟಿದ್ದು, ನೋಡೋರು ಇದ್ರೆ ಆ್ಯಪಿನ ಸೆಟ್ಟಿಂಗಲ್ಲಿ ಊರು ಯಾವುದಿದೆ ಅಂತ ಮೊದಲು ನೋಡ್ರಿ. ಇರೋ ಊರಲ್ಲ, ಕಾರ್ಯ ನಡೆಯೋ ಊರು ಹಾಕ್ಬೇಕು.

ಮದುವೆ ಹಿಂದಿನ ದಿನ ಬೀಗರು ಬಂದಿಳಿದಾಗ ಹಾರೆ ಇನ್ನೂ ಅಲ್ಲೇ ಇತ್ತು, ರಂಗೋಲಿ ಗೆರೆ ಅರ್ಧ ಅಳಿಸಿತ್ತು. ಕಾಕಾ ಅವರು ಚಹಾದ ಲೋಟ ಹಿಡ್ಕೊಂಡೇ ಬಂದು ಬಿಸಿಲಲ್ಲಿ ನಿಂತ್ರು. ನೆರಳು ಉತ್ತರ ದಕ್ಷಿಣದ ಗೆರೆಗೆ ಸರೀತಾ ಸರೀತಾ ಬಂದು ಅದರ ಮೇಲೆ ಕೂತಾಗ ತಂಗಿ ಮಗ ಮೊಬೈಲ್ ತೋರಿಸಿದ, 12:36. ಅವರು ತಮ್ಮ ಫೋನ್ ತೆಗೆದು ಮುಂಬೈ ತೆಗೆದು ಬಳ್ಳಾರಿ ಹಾಕಿದ್ರು. 12:13 ಅಂತ ಬಂತು. "ಹಂಗಾರ 12:21 ಸರಿಯಾಗೇ ಐತಿ" ಅಂದು ಒಳಗೆ ಹೋಗಿ ಅಕ್ಕನಿಗೆ ಹೇಳಿದ್ರು.